ರೊಪ್ಪಕ್ಕೆ ಹರವಿದ ಬೂದಿ

ಎತ್ತು ಬಂಡೆಗೆ ಹಣೆ ಒತ್ತಿ ನಿಂತಿತ್ತು. ಮೈ ತುರಿಸಿಕೊಳ್ಳುವುದಕ್ಕಲ್ಲ, ಬಂಡೆಯನ್ನು ಆಚೆ ದಬ್ಬಿಯೇ ತೀರುತ್ತೇನೆ ಎನ್ನುವಂತೆ ನಾಲ್ಕೂ ಕಾಲು ಊರಿ ನಿಂತಿತ್ತು. ಹಲ್ಲು ಕಡಿಯುವ ಸದ್ದು ಹತ್ತು ಹೆಜ್ಜೆ ಆಚೆಗೂ ಕೇಳುತ್ತಿತ್ತು. ಕಣ್ಣಿನ ಮುಂದೆ ಕೈ ಆಡಿಸಿದೆ. ರೆಪ್ಪೆ ಬಡಿಯಲಿಲ್ಲ.

"ಯಾವಾಗಿಂದ ಹಿಂಗೈತಿ?" ಎಂದು ಕಿಲಾರಿಯನ್ನು ಕೇಳಿದೆ.

"ಮೊನ್ನಿಯಿಂದ ಮೇವು ಬಿಟ್ಟೈತಿ ಸಾಮಿ. ನಿನ್ನಿ ಕಟ್ಟಿ ನೀರಿಗೆ ಹೋಗಾಕ ದಾರಿ ತಪ್ತು. ಕರ ಇದ್ದಾಗಿಂದ ನಡದ ದಾರಿ. ನಾನು ಕರದ್ರ ಬರ್ತೈತಿ. ಆದ್ರ ನಡುವ ಕಲ್ಲೈತೋ ಮುಳ್ಳೈತೋ ಅದಕ್ಕ ಕಾಣವಲ್ದು."

ನಾನು ಕೂಡ್ಲಿಗಿ ತಾಲ್ಲೂಕಿನ ಒಂದು ಹೋಬಳಿಯಲ್ಲಿ ಪಶುವೈದ್ಯ. ಕಾನಹೊಸಹಳ್ಳಿಯಿಂದ ಹೆದ್ದಾರಿ ಬಿಟ್ಟು ಗುಡ್ಡದ ಕಡೆಗೆ ಬೈಕು ಹೊಡೆದರೆ ಅರ್ಧ ಗಂಟೆಗೆ ಈ ರೊಪ್ಪ ಸಿಗುತ್ತಿತ್ತು. ಜಾಲಿ ಮುಳ್ಳಿನ ಸುತ್ತುಬೇಲಿ, ಒಳಗೆ ನಲವತ್ತರ ಹತ್ತಿರ ದನ. ಇವು ದೇವರ ಎತ್ತುಗಳು. ಇವಕ್ಕೆ ಮೂಗುದಾರವಿಲ್ಲ, ನೊಗವಿಲ್ಲ, ಮಾರಾಟವಿಲ್ಲ. ಹುಟ್ಟಿ, ಮೇದು, ಮುದಿಯಾಗಿ ಸತ್ತರೆ ಮಣ್ಣು ಮಾಡುತ್ತಾರೆ. ಇವನ್ನು ಕಾಯುವವನು ಕಿಲಾರಿ. ಅದು ಸಂಬಳದ ಕೆಲಸವಲ್ಲ, ದೇವರು ಹೊರಿಸಿದ ಹೊಣೆ. ರೊಪ್ಪದೊಳಗೆ ಚಪ್ಪಲಿ ಮೆಟ್ಟುವಂತಿಲ್ಲವಾದ್ದರಿಂದ ನನ್ನ ಬೂಟುಗಳೂ ಬೇಲಿಯ ಹೊರಗಿದ್ದವು. ಬರಿಗಾಲಿಗೆ ಬೂದಿ ಮೆತ್ತಿಕೊಳ್ಳುತ್ತಿತ್ತು. ರೊಪ್ಪದಲ್ಲಿ ಬೂದಿ ಇರುವುದು ಹೊಸದೇನಲ್ಲ, ಹಾಗಾಗಿ ನಾನು ಕಾಲ ಕಡೆ ನೋಡಲೇ ಇಲ್ಲ.

ಕುರುಡಾಗಿ, ತಲೆ ಒತ್ತಿ, ಹಲ್ಲು ಕಡಿಯುವ ದನವನ್ನು ಕಂಡಾಗ ಪಶುವೈದ್ಯನ ತಲೆಯಲ್ಲಿ ಮೊದಲು ಬರುವುದು ಹುಚ್ಚುನಾಯಿ ರೋಗ. ಕೈಗವಸು ಹಾಕಿಕೊಂಡೆ, ಯಾರೂ ಜೊಲ್ಲು ಮುಟ್ಟಬಾರದು ಎಂದೆ. ಕಿಲಾರಿ ಆಗಲೇ ಎರಡು ದಿನದಿಂದ ಅದರ ಬಾಯಿಗೆ ಕೈ ಹಾಕಿ ಗಂಜಿ ಕುಡಿಸಿದ್ದ. ಆತನಿಗೆ ಮುಂಜಾಗ್ರತೆಗೆ ಚುಚ್ಚುಮದ್ದು ಹಾಕಿಸಲು ಕಳಿಸಿದೆ. ಎತ್ತಿನ ಜ್ವರ ನೋಡಿದೆ, ಇರಲಿಲ್ಲ. ಕಿವಿಯ ನರದಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಡಿ ನೋಡಿದೆ, ಅದರಲ್ಲೂ ಏನೂ ಇರಲಿಲ್ಲ. ಉಳಿದದ್ದು ಮಿದುಳಿಗೆ ಜೀವಸತ್ವ ಸಾಲದೆ ಬರುವ ಕಾಯಿಲೆ. ಅದಾಗಿದ್ದರೆ ಥಯಾಮಿನ್ ಸೂಜಿಗೆ ಒಂದೆರಡು ದಿನದಲ್ಲಿ ಕಣ್ಣು ಬರಬೇಕು. ಮೂರು ದಿನ ಚುಚ್ಚಿದೆ. ನಾಲ್ಕನೆಯ ದಿನ ಬೆಳಿಗ್ಗೆ ನಾನು ತಲುಪುವಷ್ಟರಲ್ಲಿ ಅದನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಗುಂಡಿಯ ಹತ್ತಿರ ಮಲಗಿಸಿದ್ದರು.

"ಕೊಯ್ದು ನೋಡಬೇಕಿತ್ತು," ಎಂದೆ.

ಕುಲದೇವರ ಮನೆಯಾದ ಕಟ್ಟೆಮನೆಯ ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಎಂಬತ್ತು ದಾಟಿದ ಜೀವ. ಈ ದನಗಳ ವಿಷಯದಲ್ಲಿ ಅವರದೇ ಕಡೆಯ ಮಾತು.

"ಡಾಕ್ಟ್ರೇ, ನಿಮ್ಮ ತಾಯಿ ಸತ್ರ ಕೊಯ್ದು ನೋಡ್ತೀರೇನು?"

ನಾನು ಪಕ್ಕಕ್ಕೆ ಸರಿದು ನಿಂತೆ. ಮಣ್ಣು ಮಾಡಿದರು. ಎಂಟೇ ದಿನದಲ್ಲಿ ಇನ್ನೊಂದು, ಅದರ ಬೆನ್ನಿಗೇ ಮತ್ತೊಂದು. ಅದೇ ಕುರುಡು, ಅದೇ ಹಲ್ಲು ಕಡಿತ. ಅವೂ ಮಣ್ಣಿಗೆ ಹೋದವು. ಕಾಯಿಲೆಯ ಗುರುತು ಹೊಟ್ಟೆಯೊಳಗಿದೆ ಎಂದು ಗೊತ್ತಿದ್ದೂ ಹೊರಗೆ ನಿಂತು ಕೈ ಹಿಸುಕಿಕೊಳ್ಳುವುದು ಎಂಥ ಹಿಂಸೆ ಎಂದು ಆಗ ತಿಳಿಯಿತು.

ಪಶುರೋಗ ಪ್ರಯೋಗಾಲಯದಲ್ಲಿ ನನ್ನ ಸಹಪಾಠಿಯೊಬ್ಬಳು ಅಧಿಕಾರಿಯಾಗಿದ್ದಳು. ಫೋನು ಮಾಡಿ ಲಕ್ಷಣ ಹೇಳುತ್ತಿದ್ದಂತೆಯೇ ಅವಳು ಮಧ್ಯದಲ್ಲೇ ತಡೆದಳು.

"ಸೀಸದ ವಿಷ ಅಂತ ಯೋಚನೆ ಮಾಡಿದ್ಯಾ? ಅಲ್ಲಿ ಹತ್ತಿರದಲ್ಲಿ ಬಣ್ಣ, ಬ್ಯಾಟರಿ ಏನಾದರೂ ಇದೆಯಾ ನೋಡು. ಬದುಕಿರೋ ದನಗಳ ರಕ್ತ ಕಳಿಸು. ಐಸ್‌ನಲ್ಲಿಟ್ಟು ಕಳಿಸು, ಬಸ್ಸಿನ ಡಿಕ್ಕಿಯಲ್ಲಿ ಬೇಯಿಸಿ ಕಳಿಸಬೇಡ."

ಬ್ಯಾಟರಿ ಇತ್ತು. ರೊಪ್ಪದಿಂದ ಪಡುವಣಕ್ಕೆ ಗುಡ್ಡದ ಬೆನ್ನಿಗೆ ಎರಡು ವರ್ಷದಿಂದ ಒಂದು ಭಟ್ಟಿ ನಡೆಯುತ್ತಿತ್ತು. ತಗಡಿನ ಗೋಡೆ, ಮೊಂಡು ಚಿಮಣಿ. ಲಾರಿಗಟ್ಟಲೆ ಹಳೇ ಬ್ಯಾಟರಿ ತಂದು ಒಡೆದು, ಒಳಗಿನ ಆಮ್ಲವನ್ನು ಹಳ್ಳಕ್ಕೆ ಬಿಟ್ಟು, ಫಲಕಗಳನ್ನು ಕರಗಿಸಿ ಸೀಸದ ಗಟ್ಟಿ ಮಾಡಿ ಕಳಿಸುತ್ತಿದ್ದರು. ಕಿಲಾರಿ ನನ್ನನ್ನು ಆ ಹಳ್ಳದ ಗುಂಟ ನಡೆಸಿಕೊಂಡು ಹೋದ. ಅಲ್ಲಿಯವರೆಗೂ ಆ ಗುಡ್ಡದ ಸಾಲನ್ನು ನಾನು ಬೀಳುಭೂಮಿ ಎಂದೇ ತಿಳಿದಿದ್ದೆ. ಗೇಣುದ್ದ ಮಣ್ಣು, ಕೆಳಗೆ ಬಂಡೆ, ಅಲ್ಲಲ್ಲಿ ಕಮರದ ಮರ, ತಂಗಡಿ, ಕವಳಿ ಪೊದೆ. ಆತ ಒಂದೊಂದು ಹುಲ್ಲನ್ನೂ ಹೆಸರು ಹಿಡಿದು ತೋರಿಸಿದ. ಕರಡದ ಹುಲ್ಲು ತೆನೆ ಬಿಡುವ ಮುಂಚೆ ಮೇಯಿಸಬೇಕು, ಇಲ್ಲದಿದ್ದರೆ ಬಾಯಿಗೆ ಚುಚ್ಚುತ್ತದೆ. ದನ ಮೇಯ್ದಷ್ಟೂ ಆ ಹುಲ್ಲು ಕವಲೊಡೆಯುತ್ತದೆ, ಮೇಯದಿದ್ದರೆ ಮುಳ್ಳುಪೊದೆ ಏರುತ್ತದೆ. ಗೌಜಲಕ್ಕಿ ದನದ ಹಿಂದೆಯೇ ಬರುತ್ತದೆ, ಗೊರಸು ಎಬ್ಬಿಸಿದ ಹುಳ ಹೆಕ್ಕಲಿಕ್ಕೆ. ಇದೆಲ್ಲ ಒಂದಕ್ಕೊಂದು ಹೆಣೆದುಕೊಂಡ ಬದುಕು ಎಂದು ನನಗೆ ಪುಸ್ತಕ ಹೇಳಿತ್ತು, ಕಣ್ಣಿಗೆ ತೋರಿಸಿಕೊಟ್ಟವನು ಆತ.

"ಇಲ್ಲಿ ನೋಡ್ರಿ," ಎಂದು ಒಂದು ಸಗಣಿಯನ್ನು ಕೋಲಿನಿಂದ ಮಗುಚಿದ. ಅದು ಬಿದ್ದ ಹಾಗೇ ಒಣಗಿ ಬಿಲ್ಲೆಯಾಗಿತ್ತು. "ಮೊದ್ಲು ಸಗಣಿ ಬಿದ್ದ ಗಳಿಗ್ಗೆ ಹುಳ ಬರ್ತಿದ್ವು. ಉಂಡಿ ಮಾಡಿ ಉಳ್ಳಿಸ್ಕಂಡು ಹೋಗ್ತಿದ್ವು. ನಾಕ್ ದಿನಕ್ಕ ಸಗಣಿ ಇದ್ದ ಗುರ್ತ ಇರ್ತಿದ್ದಿಲ್ಲ. ಈಗ ಹೋದ ಮಳಿಗಾಲದ ಸಗಣಿ ಹಂಗ ಕುಂತೈತಿ. ಹುಳಕ್ಕ ಏನಾತು ಸಾಮಿ?"

ಹುಳಕ್ಕೂ ಸೀಸವೇ ಮುಳುವಾಯಿತೇ ಎಂದು ನಾನು ಇವತ್ತಿಗೂ ಹೇಳಲಾರೆ. ಅದನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ನಾನೂ ಮಾಡಲಿಲ್ಲ.

ರಕ್ತ ತೆಗೆಯುವುದೇ ಒಂದು ಸಾಹಸವಾಗಬೇಕಿತ್ತು. ಹುಟ್ಟಿದಂದಿನಿಂದ ಹಗ್ಗ ಕಾಣದ ದನಗಳು. ಕೆಡವುವಂತಿಲ್ಲ, ಕಟ್ಟುವಂತಿಲ್ಲ. ಕಿಲಾರಿ ಒಂದೊಂದರ ಹೆಸರು ಹಿಡಿದು ಕರೆಯುತ್ತಿದ್ದ. ಗುಂಪಿನಿಂದ ಅದೊಂದೇ ಬಿಡಿಸಿಕೊಂಡು ಬಂದು ಆತನ ಎದೆಗೆ ಮೂತಿ ಇಟ್ಟು ನಿಲ್ಲುತ್ತಿತ್ತು. ಆತ ಕೊರಳಡಿಯ ಗಂಗೆದೊಗಲು ಸವರುತ್ತ ಏನೋ ಗುನುಗುತ್ತಿದ್ದರೆ ನಾನು ಕುತ್ತಿಗೆಗೆ ಸೂಜಿ ಹಾಕುತ್ತಿದ್ದೆ. ಕೆಂದ ಎಂಬ ದೊಡ್ಡ ಎತ್ತಂತೂ ಸೂಜಿ ತೆಗೆದ ಮೇಲೂ ಹೋಗಲೊಲ್ಲದೆ ನಿಂತಿತ್ತು. ಹದಿನೆಂಟು ವರ್ಷದ ನನ್ನ ಕೆಲಸದಲ್ಲಿ ಅಷ್ಟು ಸಲೀಸಾಗಿ ರಕ್ತ ತೆಗೆದದ್ದು ಅದೇ ಮೊದಲು, ಅದೇ ಕೊನೆ.

ಆರು ದನಗಳ ರಕ್ತ ಕಳಿಸಿದ್ದೆ. ಆರರಲ್ಲೂ ಸೀಸ.

ಆಗ ನಾನು ಮಾಡಿದ ಕೆಲಸವನ್ನು ಬಿಡಿಸಿ ಹೇಳಬೇಕು. ಹೊಗೆ ಬರುವುದು ಭಟ್ಟಿಯಿಂದ, ಹೊಗೆ ಕೂರುವುದು ಹುಲ್ಲಿನ ಮೇಲೆ, ಆದ್ದರಿಂದ ವಿಷ ಇರುವುದು ಹುಲ್ಲಿನಲ್ಲಿ. ಲೆಕ್ಕ ನೇರವಾಗಿತ್ತು. ದನಗಳನ್ನು ಮೇಯಲು ಬಿಡಬೇಡಿ, ರೊಪ್ಪದೊಳಗೇ ಕೂಡಿ ಹಾಕಿ, ಕೊಟ್ಟೂರು ಕಡೆಯಿಂದ ಜೋಳದ ಸೊಪ್ಪೆ ತರಿಸಿ ಹಾಕಿ, ನೀರು ಟ್ಯಾಂಕರಿನದೇ ಕೊಡಿ ಎಂದು ಅಪ್ಪಣೆ ಕೊಟ್ಟೆ. ಯಜಮಾನರು ಒಂದು ಮಾತೂ ಎದುರಾಡಲಿಲ್ಲ. ಊರಿನವರು ಸರದಿ ಹಚ್ಚಿಕೊಂಡು ಮೇವು ತಂದರು. ಹಗಲೆಲ್ಲ ಅಡವಿ ಸುತ್ತುತ್ತಿದ್ದ ದನಗಳು ಹಗಲೂ ರಾತ್ರಿ ರೊಪ್ಪದಲ್ಲೇ ನಿಂತವು. ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ ಎಂದು ಬೇರೆಯವರನ್ನು ನೋಡಿ ನಗುತ್ತಿದ್ದವನು ನಾನು.

ಕಾಯಿಲೆ ಇಳಿಯಲಿಲ್ಲ, ಏರಿತು. ಹತ್ತು ದಿನದಲ್ಲಿ ಐದು ಬಿದ್ದವು. ಎರಡು ಕರು, ಒಂದು ಗಬ್ಬದ ಹಸು, ಎರಡು ಎತ್ತು. ನನಗೆ ತಲೆ ಕೆಟ್ಟುಹೋಯಿತು. ಸೊಪ್ಪೆಯ ಮೇಲೆ, ನೀರಿನ ಮೇಲೆ ಅನುಮಾನ ಬಂತು. ಕೊನೆಗೆ ಪ್ರಯೋಗಾಲಯದ ಮೇಲೂ ಬಂತು.

ಹನ್ನೊಂದನೆಯ ದಿನ ಬೇಲಿಯ ಹೊರಗೆ ಬೂಟು ಬಿಚ್ಚುತ್ತ ಕುಳಿತಿದ್ದೆ. ಕೆಂದ ಎದುರಿಗೇ ನಿಂತಿತ್ತು. ಮುಂದೆ ಸೊಪ್ಪೆಯ ರಾಶಿಯಿದ್ದರೂ ಅದನ್ನು ಬಿಟ್ಟು ನೆಲ ನೆಕ್ಕುತ್ತಿತ್ತು. ನಾಲಿಗೆಯನ್ನು ಉದ್ದಕ್ಕೆ ಚಾಚಿ, ಕರುವನ್ನು ನೆಕ್ಕುವ ಹಸುವಿನ ಹಾಗೆ, ಒಂದೇ ಸಮನೆ ನೆಕ್ಕುತ್ತಿತ್ತು.

"ಅದು ಯಾಕ ನೆಲ ನೆಕ್ತೈತಿ?"

"ಎಲ್ಲವೂ ನೆಕ್ತಾವ ಸಾಮಿ," ಎಂದ ಕಿಲಾರಿ. "ಬೂದಿ ಉಪ್ಪುಪ್ಪು ಐತಿ. ನಾನೂ ನಾಲಿಗಿಗೆ ಹಚ್ಚಿ ನೋಡೀನಿ."

ಬೂಟು ಕೈಯಲ್ಲೇ ಉಳಿಯಿತು. ಒಲೆಯ ಬೂದಿ ಒಗರಾಗಿರುತ್ತದೆ. ಅದನ್ನು ಯಾವ ದನವೂ ಹಾಗೆ ಆಸೆಪಟ್ಟು ನೆಕ್ಕುವುದಿಲ್ಲ.

"ಈ ಬೂದಿ ಎಲ್ಲೀದು?"

"ಭಟ್ಟೀದು."

"ಭಟ್ಟಿ ಬೂದಿನ ಇಲ್ಲಿಗ್ಯಾಕ ತಂದ್ರಿ ಅಣ್ಣ? ಯಾರು ಹೇಳಿದ್ರು?"

ಆತ ನನ್ನ ಮುಖವನ್ನೇ ನೋಡಿದ. ಆಪಾದನೆ ಮಾಡುವ ದನಿಯಲ್ಲ, ಮರೆತವನಿಗೆ ನೆನಪು ಮಾಡಿಕೊಡುವ ದನಿ.

"ನೀವ ಹೇಳಿದ್ರಲ್ರಿ. ಹೋದ ವರ್ಷ ಉಣ್ಣಿ ಬಿದ್ದಾಗ. ಔಷಧಿ ಬಂದಿಲ್ಲ, ಬೂದಿ ಹಾಕ್ರಿ, ದಪ್ಪಗ ಹಾಕ್ರಿ ಅಂದ್ರಿ. ಊರಾಗ ಬೂದಿ ಎಲ್ಲೈತ್ರಿ ಈಗ? ಎಲ್ರ ಮನ್ಯಾಗೂ ಗ್ಯಾಸು. ನಾಕು ಮನಿ ತಿರುಗಿದ್ರ ಒಂದು ಬುಟ್ಟಿ ಸಿಗಂಗಿಲ್ಲ. ಭಟ್ಟಿಯವ್ರನ್ನ ಕೇಳಿದ್ವಿ. ಅವ್ರೇ ಟ್ರ್ಯಾಕ್ಟರ್‌ನಾಗ ತಂದು ಸುರುವಿ ಹೋದ್ರು. ಬೇಕಂದ್ರ ಇನ್ನೂ ಕೊಡ್ತೀವಿ ಅಂದ್ರು. ಉಣ್ಣಿ ಮಾತ್ರ ಸತ್ವು ಸಾಮಿ. ಒಂದೂ ಉಳೀಲಿಲ್ಲ."

ನೆನಪಾಯಿತು. ಮಳೆ ನಿಂತ ದಿನಗಳು. ನಾನು ಬೈಕಿನಿಂದ ಇಳಿದೂ ಇರಲಿಲ್ಲ, ಒಂದು ಕಾಲು ನೆಲಕ್ಕೆ ಊರಿ ಆ ಮಾತು ಹೇಳಿ ಹೋಗಿದ್ದೆ. ಅಜ್ಜಿಯಂದಿರ ಕಾಲದ ಮದ್ದು, ಯಾರಿಗೂ ಕೇಡಿಲ್ಲದ್ದು ಎಂಬ ಭರವಸೆಯಿಂದ ಹೇಳಿದ್ದೆ. ಯಾವ ಬೂದಿ ಎಂದು ಹೇಳಬೇಕೆಂದು ಹೊಳೆದಿರಲಿಲ್ಲ. ಆಮೇಲೆ ಅದೇ ಬೂದಿಯ ಮೇಲೆ ದನಗಳನ್ನು ಕೂಡಿಹಾಕಿಸಿ, ಹುಲ್ಲಿನಿಂದ ಕಾಪಾಡುತ್ತಿದ್ದೇನೆ ಎಂದು ಬೀಗಿದ್ದೆ. ಆ ಐದು ದನಗಳನ್ನು ಭಟ್ಟಿ ಕೊಂದಿತು ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಬೇಲಿಗೆ ಬೆನ್ನು ಮಾಡಿ ಅಲ್ಲೇ ಕುಳಿತು ಅತ್ತೆ. ಕಿಲಾರಿ ನೀರಿನ ತಂಬಿಗೆ ತಂದಿಟ್ಟು ದೂರ ಹೋಗಿ ನಿಂತ.

ಅವತ್ತೇ ದನಗಳನ್ನು ಹೊರಗೆ ಹೊಡೆದೆವು. ಗುಡ್ಡದ ಮೂಡಣ ಮಗ್ಗುಲಿಗೆ, ಹಳ್ಳ ಹಾಯದ ಕಡೆ ಹೊಸ ಮುಳ್ಳು ಹಾಕಿ ಹೊಸ ರೊಪ್ಪ ಕಟ್ಟಿದರು. ನಾನು ಕ್ಯಾಲ್ಸಿಯಂ ಇಡಿಟಿಎ ಎಂಬ ಮದ್ದಿಗಾಗಿ ಅಲೆದೆ. ಅದು ರಕ್ತದಲ್ಲಿನ ಸೀಸವನ್ನು ಹಿಡಿದು ಮೂತ್ರಕ್ಕೆ ತಳ್ಳುತ್ತದೆ. ಮನುಷ್ಯರ ಆಸ್ಪತ್ರೆಯವರಿಗೇ ಬೇಕಾದಾಗ ಸಿಗದ ಮದ್ದು. ಹತ್ತು ಕಡೆ ಕೈಚಾಚಿ ತಂದದ್ದು ಎಲ್ಲ ದನಗಳಿಗೂ ಸಾಲುವಂತಿರಲಿಲ್ಲ. ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಬೇಡ ಎಂದು ಆರಿಸುವ ಪಾಪವೂ ನನ್ನ ತಲೆಗೇ ಬಂತು. ಇನ್ನೂ ನಡೆದಾಡುತ್ತಿದ್ದವಕ್ಕೆ ಕೊಟ್ಟೆ, ಮಲಗಿದವಕ್ಕೆ ಕೊಡಲಿಲ್ಲ. ಮಲಗಿದ್ದ ಹತ್ತು ಹದಿನೈದು ದನ ಒಂದೊಂದಾಗಿ ಮಣ್ಣಿಗೆ ಹೋದವು. ಕೆಂದಕ್ಕೆ ಕೊಟ್ಟೆ. ಅದು ಬದುಕಿತು, ಆದರೆ ಎರಡೂ ಕಣ್ಣು ಹೋದವು.

ಕಿಲಾರಿಯ ರಕ್ತವನ್ನೂ ಪರೀಕ್ಷೆ ಮಾಡಿಸಿದೆ. ಒಂದು ವರ್ಷ ಆ ಬೂದಿಯ ಮೇಲೇ ಕಂಬಳಿ ಹಾಸಿ ಮಲಗಿದ್ದವನು. ಆಗಾಗ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದ, ಗ್ಯಾಸ್ ಗುಳಿಗೆ ನುಂಗುತ್ತಿದ್ದ. ಬಲಗೈ ಮಣಿಕಟ್ಟು ಸೋತು ಕೋಲು ಜಾರುತ್ತಿತ್ತು. ಆತನ ರಕ್ತದಲ್ಲೂ ಸೀಸ ಇತ್ತು. ಹೇಳಿದಾಗ, "ಅವಕ್ಕ ಬಂದದ್ದು ನನಗ ಬರದಿದ್ರ ಹೆಂಗ ಸಾಮಿ," ಎಂದ. ತಮಾಷೆಗೆ ಅಂದದ್ದೋ ನಿಜಕ್ಕೂ ಅಂದದ್ದೋ ತಿಳಿಯಲಿಲ್ಲ.

ಮಾಲಿನ್ಯ ತಡೆಯುವ ಇಲಾಖೆಗೆ ದೂರು ಕೊಟ್ಟೆವು. ಭಟ್ಟಿಯ ಮ್ಯಾನೇಜರ್ ಬಿಳಿ ಅಂಗಿ ತೊಟ್ಟು, ನಮಸ್ಕಾರ ಹೇಳುತ್ತಲೇ ಬಂದ. ಬೂದಿ ನಾವು ಕೊಟ್ಟಿಲ್ಲ, ಕೊಟ್ಟರೂ ಅದರಿಂದಲೇ ಸತ್ತವು ಎಂದು ಹೇಗೆ ಹೇಳುತ್ತೀರಿ, ಕೊಂಬಿಗೆ ಬಣ್ಣ ಬಳಿಯುತ್ತೀರಲ್ಲ ಅದರಲ್ಲೂ ಸೀಸ ಇರುತ್ತದೆ ಎಂದ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂಬ ವಾದ. ತನಿಖೆಗೆ ಬಂದ ಅಧಿಕಾರಿ ಕೆಟ್ಟವರೇನಲ್ಲ. ಹಾವೂ ಸಾಯದೆ ಕೋಲೂ ಮುರಿಯದೆ ದಿನ ಕಳೆಯಬೇಕಾದವರು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

"ರಕ್ತದ ವರದಿ ಸಾಲಲ್ಲ ಡಾಕ್ಟರೇ. ಸತ್ತ ದನದ ಮೂತ್ರಪಿಂಡ, ಯಕೃತ್ತು, ಹೊಟ್ಟೆಯೊಳಗಿನ ಬೂದಿ, ಇವು ಭಟ್ಟಿ ಬೂದಿಗೆ ತಾಳೆಯಾದರೆ ಬೀಗ ಹಾಕಿಸ್ತೀನಿ. ಸತ್ತದ್ದನ್ನೆಲ್ಲ ಹೂತು ಹಾಕಿ ಬರೀ ಬಾಯಲ್ಲಿ ಹೇಳಿದರೆ ನಾನು ಏನು ಮಾಡಲಿ?"

ಆ ಹೊತ್ತಿಗೆ ಒಂದು ಮುದಿ ಎತ್ತು ಕೊನೆಯುಸಿರು ಎಳೆಯುತ್ತಿತ್ತು. ಕಟ್ಟೆಮನೆಯ ಮುಂದೆ ಊರು ಸೇರಿತು. ದೇವರ ಪೆಟ್ಟಿಗೆ ಇರುವ ಕೋಣೆಯ ಬಾಗಿಲು ತೆರೆದೇ ಇತ್ತು. ನಾನು ಎಲ್ಲ ಹೇಳಿದೆ. ಬೂದಿ ಹಾಕಿ ಎಂದವನು ನಾನು, ರೊಪ್ಪದಲ್ಲಿ ಕೂಡಿ ಹಾಕಿ ಎಂದವನೂ ನಾನು, ಈಗ ಇದನ್ನು ಕೊಯ್ಯಲು ಬಿಡಿ ಎಂದು ಕೇಳುತ್ತಿರುವವನೂ ನಾನೇ ಎಂದೆ. ಯಾರಾದರೂ ಎದ್ದು ಬಂದು ಕಪಾಳಕ್ಕೆ ಹೊಡೆದಿದ್ದರೆ ಹಗುರಾಗುತ್ತಿದ್ದೆ. ಯಾರೂ ಹೊಡೆಯಲಿಲ್ಲ.

ಯಜಮಾನರು ಹೇಳಿದರು: "ತಿಳೀದೇ ಮಾಡಿದ್ದು ತಪ್ಪಲ್ಲ ಡಾಕ್ಟ್ರೇ. ತಿಳಿದು ಮಾಡಿದ್ರ ತಪ್ಪು. ದೇವರೆತ್ತಿಗೆ ಕತ್ತಿ ಹಾಕಿದ ರೊಪ್ಪ ಉಳಿಯಂಗಿಲ್ಲ. ನಾನು ಬದುಕಿರೋತನಕ ಹ್ಞೂಂ ಅನ್ನಂಗಿಲ್ಲ."

ಮಾತು ಅಲ್ಲಿಗೇ ಮುಗಿಯಿತು ಎಂದುಕೊಂಡೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಕಿಲಾರಿ ಎದ್ದು ಬಂದ. ಬಲಗೈ ಸೋತಿದ್ದರಿಂದ ಕೋಲನ್ನು ಎಡಗೈಯಲ್ಲಿ ಹಿಡಿದಿದ್ದ. ಅದನ್ನು ಯಜಮಾನರ ಕಾಲ ಮುಂದೆ ಇಟ್ಟ.

"ರೊಪ್ಪದ ಪಾಪ ರೊಪ್ಪಕ್ಕ ಬ್ಯಾಡ ಯಜಮಾನ್ರ. ಇವತ್ತಿಂದ ನಾನು ಕಿಲಾರಿ ಅಲ್ಲ. ಕಿಲಾರಿ ಇಲ್ಲದ ಹೊತ್ತಿನಾಗ ಯಾವನೋ ಒಬ್ಬ ಕೊಯ್ಸಿದ ಅನ್ರಿ. ಭಟ್ಟಿ ಉಳದ್ರ ಒಂದೂ ಉಳಿಯಂಗಿಲ್ಲ. ಉಳಿದವಾದ್ರೂ ಉಳೀಲಿ."

"ಕೋಲು ಇಟ್ರ ಮತ್ತ ಮುಟ್ಟಂಗಿಲ್ಲ. ರೊಪ್ಪದಾಗ ಕಾಲು ಇಡಂಗಿಲ್ಲ. ಗೊತ್ತೈತಿಲ್ಲೋ?"

"ಗೊತ್ತೈತ್ರಿ."

ಆತನ ತಂದೆ ಕಿಲಾರಿ, ಅಜ್ಜ ಕಿಲಾರಿ. ಹನ್ನೆರಡು ವರ್ಷದವನಿದ್ದಾಗ ಹಿಡಿದ ಕೋಲು ಅದು. ಯಜಮಾನರು ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಮುಖದ ಮೇಲೆ ಟವೆಲು ಎಳೆದುಕೊಂಡರು.

ರೊಪ್ಪದ ಹೊರಗೆ ಮಲಗಿಸಿದ್ದ ಎತ್ತು ಮರುದಿನ ಮುಂಜಾನೆ ಸತ್ತಿತು. ಊರಿನವರು ಯಾರೂ ಬರಲಿಲ್ಲ. ಎತ್ತನ್ನು ಮಗ್ಗುಲಾಗಿಸಿದಾಗ ಹಿಂಗಾಲನ್ನು ಎತ್ತಿ ಹಿಡಿಯಲು ಒಬ್ಬರು ಬೇಕು. ಆತನೇ ಹಿಡಿದ. ಕಣ್ಣು ಮುಚ್ಚಿಕೊಳ್ಳುತ್ತಾನೆ ಎಂದುಕೊಂಡಿದ್ದೆ, ಮುಚ್ಚಲಿಲ್ಲ. ದೊಡ್ಡ ಹೊಟ್ಟೆ ಬಿಡಿಸಿದಾಗ ಸೊಪ್ಪೆಯ ನಡುವೆ ಕಪ್ಪು ಮರಳಿನಂಥ ಬೂದಿ ಪದರ ಪದರವಾಗಿ ಕುಳಿತಿತ್ತು. ಅಂಗೈಗೆ ಹಾಕಿಕೊಂಡರೆ ಕಲ್ಲಿನಷ್ಟು ಭಾರ. ಮೂತ್ರಪಿಂಡ, ಯಕೃತ್ತಿನ ತುಂಡುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಐಸಿನಲ್ಲಿಟ್ಟೆ. ರೊಪ್ಪದ ಬೂದಿ ಒಂದು ಪೊಟ್ಟಣ. ಭಟ್ಟಿಯ ಬೂದಿಯನ್ನು ಅಧಿಕಾರಿಯ ಎದುರೇ ತೆಗೆದು ಮೊಹರು ಮಾಡಿದ ಪೊಟ್ಟಣ ಇನ್ನೊಂದು. ಆಮೇಲೆ ನಾನು ಎತ್ತಿನ ಹೊಟ್ಟೆ ಹೊಲಿಯತೊಡಗಿದೆ. ಸತ್ತ ದನಕ್ಕೆ ಯಾರೂ ಅಷ್ಟು ಸಣ್ಣ ಹೊಲಿಗೆ ಹಾಕುವುದಿಲ್ಲ. ಹಾಕಿದೆ.

"ಚಂದ ಹೊಲ್ದ್ರಿ ಸಾಮಿ," ಎಂದ ಆತ. ಗುಂಡಿಯನ್ನು ನಾವಿಬ್ಬರೇ ತೋಡಿದ್ದೆವು, ನಾವಿಬ್ಬರೇ ಮುಚ್ಚಿದೆವು.

ಎಲ್ಲವೂ ತಾಳೆಯಾಯಿತು. ಭಟ್ಟಿಗೆ ಬೀಗ ಬಿತ್ತು. ಬಾಗಿಲಿಗೆ ನೋಟಿಸು ಅಂಟಿಸಿದ ದಿನ ಸಹಪಾಠಿ ಫೋನು ಮಾಡಿ, "ಗೆದ್ದೆ ಬಿಡು," ಎಂದಳು. ಒಂದೂವರೆ ತಿಂಗಳಲ್ಲಿ ತಗಡು, ಚಿಮಣಿ, ಕಡಾಯಿ ಎಲ್ಲ ಲಾರಿ ಹತ್ತಿ ಹೋದವು. ಹರಪನಹಳ್ಳಿ ಆಚೆ ಬೇರೆ ಹೆಸರಿನಲ್ಲಿ ಶುರುವಾಗಿದೆ ಎಂದು ಲಾರಿಯವನೊಬ್ಬ ಹೇಳಿದ. ಅದು ನನ್ನ ಹುಟ್ಟೂರಿನ ದಿಕ್ಕು. ಬರೆದ ಪತ್ರಗಳಿಗೆ ಸ್ವೀಕೃತಿ ಬಂದಿದೆ, ಉತ್ತರ ಬಂದಿಲ್ಲ.

ಹಳೆಯ ರೊಪ್ಪದ ಬೂದಿಯನ್ನು ಏನು ಮಾಡುವುದು ಎಂಬುದಕ್ಕೂ ಯಾರ ಹತ್ತಿರವೂ ಉತ್ತರವಿಲ್ಲ. ಕೆರೆದು ಗುಡ್ಡೆ ಮಾಡಿ ತಾಡಪಾಲು ಹೊದಿಸಿದೆವು. ಒಯ್ಯಬೇಕಾದವರು ಬರಲಿಲ್ಲ. ಬಿಸಿಲಿಗೆ ತಾಡಪಾಲು ಹರಿಯಿತು, ಮೊದಲ ಮಳೆಗೆ ಅರ್ಧ ಗುಡ್ಡೆ ಹಳ್ಳಕ್ಕೆ ಹೋಯಿತು. ಹಳ್ಳ ಕಟ್ಟೆಗೆ ಹೋಗುತ್ತದೆ, ಕಟ್ಟೆಗೆ ನವಿಲು, ಮೊಲ, ಕರಡಿ ನೀರಿಗೆ ಬರುತ್ತವೆ. ಅವುಗಳ ರಕ್ತ ತೆಗೆಯಲು ಹೆಸರು ಹಿಡಿದು ಕರೆಯುವವರಿಲ್ಲ. ಪಡುವಣ ಮಗ್ಗುಲಲ್ಲಿ ದನ ಮೇಯಿಸುವುದನ್ನು ನಾನೇ ನಿಲ್ಲಿಸಿದೆ. ಈಗ ಅಲ್ಲಿ ಕರಡದ ಹುಲ್ಲು ಕಡಿಮೆಯಾಗಿ ಮುಳ್ಳು ಏರುತ್ತಿದೆ. ಗೌಜಲಕ್ಕಿಯ ಕೂಗು ಕೇಳಿ ವರ್ಷವಾಯಿತು. ಸೀಸ ಮಣ್ಣಿನಿಂದ ತಾನಾಗಿ ಹೋಗುವುದಿಲ್ಲ. ನಾನು, ನನ್ನ ಮಕ್ಕಳು ಎಲ್ಲ ಹೋದ ಮೇಲೂ ಅದು ಅಲ್ಲೇ ಇರುತ್ತದೆ.

ಉಳಿದದ್ದು ಹದಿನೇಳು ದನ. ಹೊಸ ಕಿಲಾರಿ ಬಂದಿದ್ದಾನೆ, ಒಳ್ಳೆಯ ಮನುಷ್ಯ. ಕಳೆದ ತಿಂಗಳು ಅವನೇ ಫೋನು ಮಾಡಿದ. ಕೆಂದದ ಎದೆಗೆ, ಹಣೆಗೆ ಮುಳ್ಳು ಹೊಕ್ಕಿದೆ, ಕೀವಾಗಿದೆ ಎಂದ. ಹೋಗಿ ಮುಳ್ಳು ಕಿತ್ತು, ತೊಳೆದು, ಮದ್ದು ಹಚ್ಚಿ ಬಂದೆ. ವಾರದೊಳಗೆ ಮತ್ತೆ ಅದೇ. ಮೂರನೆಯ ಸಲ ಹೋದಾಗ ಅವನು ನನ್ನ ಮುಖ ನೋಡದೆ ಹೇಳಿದ.

"ದಿನಾ ಮುಂಜಾನಿ ಬರ್ತಾರ ಅವ್ರು, ಮೊದ್ಲಿನ ಕಿಲಾರಿ. ಅಗೋ, ಆ ಕಮರದ ಗಿಡದ ಬುಡಕ್ಕ ನಿಂದರ್ತಾರ. ಒಳಗ ಬರಂಗಿಲ್ಲ, ಮಾತಾಡಂಗಿಲ್ಲ. ಆದ್ರೂ ಇದಕ್ಕ ಅದು ಹೆಂಗ ಗೊತ್ತಾಗ್ತೈತೋ, ಸೀದಾ ಹೋಗಿ ಬೇಲಿಗೆ ಎದಿ ಕೊಡ್ತೈತಿ. ನಾನು ಹೆಂಗ ಹೇಳ್ಲಿ ಡಾಕ್ಟ್ರೇ ಅವ್ರಿಗೆ? ನೀವರ ಹೇಳ್ರಿ."

ಮರದ ಬುಡಕ್ಕೆ ಹೋದೆ. ಆತ ಎದ್ದು ನಿಂತ. ಇನ್ನೂ ಬಡಕಲಾಗಿದ್ದ. ಬಲಗೈ ಸೊಂಟದ ಹತ್ತಿರ ಸುಮ್ಮನೆ ಜೋತು ಬಿದ್ದಿತ್ತು.

"ಅಣ್ಣ, ಇನ್ನ ಮ್ಯಾಲ ಇಲ್ಲಿಗೆ ಬರಬ್ಯಾಡ್ರಿ," ಎಂದೆ. "ಕೆಂದ ಬೇಲಿಗೆ ಬಡ್ಕಂತೈತಿ. ಗಾಯ ಮಾಯವಲ್ದು."

"ನಾನು ಕರದಿಲ್ಲ ಸಾಮಿ, ದೇವರಾಣಿ. ಒಮ್ಮೆ ಕೆಮ್ಮು ಬಂತು, ಅಷ್ಟ."

"ಕೆಮ್ಮಿದ್ರೂ ಅದಕ್ಕ ಗೊತ್ತಾಗ್ತೈತಿ."

"ಗೊತ್ತಾಗ್ತೈತೇನ್ರಿ?" ಎಂದ. ಎಷ್ಟೋ ತಿಂಗಳಾದ ಮೇಲೆ ಆ ಮುಖ ಅರಳಿದ್ದನ್ನು ನೋಡಿದೆ. ಒಂದು ಗಳಿಗೆ ಅಷ್ಟೇ. ಆಮೇಲೆ ನಾನು ಹೇಳಿದ್ದು ಏನು ಎಂದು ಆತನಿಗೆ ಪೂರ್ತಿ ತಿಳಿಯಿತು.

ಬೇಲಿಯ ಕಡೆ ಒಮ್ಮೆ ನೋಡಿದ. ಕೆಂದ ಕಿವಿ ನಿಮಿರಿಸಿ ಇತ್ತಲೇ ಮುಖ ಮಾಡಿ ನಿಂತಿತ್ತು. ಆತ ಹೆಗಲ ಮೇಲಿನ ಟವೆಲು ತೆಗೆದು ಎಡಗೈಯಿಂದ ಬಾಯಿಗೆ ಬಿಗಿಯಾಗಿ ಒತ್ತಿಕೊಂಡ. ಕೆಮ್ಮು ಹೊರಗೆ ಕೇಳಿಸದ ಹಾಗೆ ಹಾಗೇ ಒತ್ತಿ ಹಿಡಿದುಕೊಂಡು, ಹೆಜ್ಜೆಯ ಸದ್ದೂ ಆಗದಂತೆ ನಡೆಯುತ್ತ, ಗುಡ್ಡದ ತಿರುವು ದಾಟಿ ಹೋದ.